ಕಣ್ಣುಗಳ ಗಂಟು ಕಟ್ಟುವ ಅಮೃತಾ

ಕಲಬುರಗಿಯ ರೋಜಾ ಬೀದಿಯ ಚಹಾದಂಗಡಿಗಳಲ್ಲಿ ಈಗಷ್ಟೇ ಸ್ಟೋವ್ ಹತ್ತಿಕೊಳ್ಳುತ್ತಿದೆ. ದರ್ಗಾಕ್ಕೆಂದು ದೂರದಿಂದ ಬಂದವರು ಲಾಡ್ಜಿನ ಮೆಟ್ಟಿಲ ಮೇಲೆ ಕೂತು ಮುಖ ತೊಳೆಯುತ್ತಿದ್ದಾರೆ. ಅದೇ ಬೀದಿಯ ಧರ್ಮಾರ್ಥ ಕಣ್ಣಾಸ್ಪತ್ರೆಯ ಹಿಂಬಾಗಿಲು ತೆರೆದು ಅಮೃತಾ ಒಳಗೆ ಬರುತ್ತಾರೆ. ಚಪ್ಪಲಿ ಹೊರಗೆ ಬಿಟ್ಟು, ಕಂಪ್ಯೂಟರಿಗೆ ಹೊದಿಸಿದ್ದ ಹಳೆಯ ದುಪಟ್ಟಾ ತೆಗೆದು ಮಡಚಿಡುತ್ತಾರೆ. ಆಸ್ಪತ್ರೆಯ ಬೇರೆ ಯಾವ ಕೋಣೆಯಲ್ಲೂ ಇನ್ನೂ ದೀಪ ಹತ್ತಿಲ್ಲ.

ಪರದೆಯ ಮೇಲೆ ಕಿತ್ತಳೆ ಬಣ್ಣದ ದುಂಡನೆಯ ಚಿತ್ರಗಳು ಒಂದರ ಪಕ್ಕ ಒಂದು ಬಂದು ಕೂರುತ್ತವೆ. ಒಂದೊಂದರಲ್ಲೂ ಬೇರಿನಂತೆ ಹರಡಿದ ಸಣ್ಣ ಸಣ್ಣ ಗೆರೆಗಳು. ಪತ್ರಿಕೆಗೆ ಬರೆಯಲೆಂದು ಬಂದು ಪಕ್ಕದಲ್ಲಿ ಕೂತಿದ್ದ ನಾನು, ಯಾವುದೋ ಹಣ್ಣು ಹೆಚ್ಚಿಟ್ಟಿದ್ದಾರೆ ಎಂದುಕೊಂಡು ಹಾಗೆಯೇ ಬಾಯಿಬಿಟ್ಟು ಹೇಳಿಯೂ ಬಿಟ್ಟೆ. ಅಮೃತಾ ನಗು ತಡೆದುಕೊಳ್ಳಲಿಲ್ಲ.

"ಕಣ್ಣಿನ ಒಳಗೋಡಿ ಅದ್ರೀ ಅದು. ಕಮಲಾಪುರದವರ ಕಣ್ಣು. ನಿನ್ನಿ ತೆಗೆದಾರ."

ಕಮಲಾಪುರದಲ್ಲಿ ಈ ಆಸ್ಪತ್ರೆಯ ಸಣ್ಣದೊಂದು ಕೇಂದ್ರವಿದೆ. ವಾರಕ್ಕೊಮ್ಮೆ ಅಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ತಪಾಸಣೆ ನಡೆಯುತ್ತದೆ. ಸಕ್ಕರೆ ಕಾಯಿಲೆ ಇದ್ದವರ ಕಣ್ಣಿನೊಳಗೆ ರಕ್ತ ಸೋರುತ್ತಿದೆಯೇ ಎಂದು ನೋಡಿ ಹೇಳಬಲ್ಲ ಡಾಕ್ಟರು ಇರುವುದು ಮಾತ್ರ ಹೈದರಾಬಾದಿನಲ್ಲಿ. ಬಾಳೆತೋಟದ ಕೂಲಿ ಬಿಟ್ಟು ಅಷ್ಟು ದೂರ ಹೋಗಲು ಯಾರಿಗೆ ಪುರಸೊತ್ತಿದೆ? ಹಾಗಾಗಿ ಮನುಷ್ಯರ ಬದಲು ಅವರ ಕಣ್ಣಿನ ಚಿತ್ರ ಹೋಗುತ್ತದೆ. ಟೆಕ್ನಿಷಿಯನ್ ಇಮಾಮುದ್ದೀನ್ ಕಮಲಾಪುರದಲ್ಲಿ ಚಿತ್ರ ತೆಗೆದು ಸಿ.ಡಿ.ಗೆ ಹಾಕುತ್ತಾರೆ, ಸಿ.ಡಿ. ಸಂಜೆಯ ಹುಮನಾಬಾದ್ ಬಸ್ಸಿನಲ್ಲಿ ಕಲಬುರಗಿಗೆ ಬರುತ್ತದೆ, ಮರುದಿನ ನಸುಕಿನಲ್ಲಿ ಅಮೃತಾ ಆ ಚಿತ್ರಗಳನ್ನು ಫೋನ್ ತಂತಿಯ ಮೇಲೆ ಹೈದರಾಬಾದಿಗೆ ಸಾಗಿಸುತ್ತಾರೆ.

ಸಾಗಿಸುವುದು ಎಂದು ನಾನು ಸಲೀಸಾಗಿ ಬರೆದೆ. ಅದರ ಕಷ್ಟ ಅವರ ಬಾಯಲ್ಲೇ ಕೇಳಬೇಕು.

"ಕ್ಯಾಮೆರಾದ ಚಿತ್ರ ಭಾಳ ದಪ್ಪ ಇರ್ತಾವ್ರೀ. ಹಂಗೇ ಬಿಟ್ರ ಲೈನ್ ಉಸಿರುಗಟ್ಟಿ ಕುಂದರ್ತದ. ಅದಕ್ಕ ಹಿಂಡಬೇಕು, ಹಿಂಡಿ ಗಂಟು ಕಟ್ಟಬೇಕು. ದೊಡ್ಡ ಗಂಟು ಕಟ್ಟಿದ್ರ ನಡುವ ಲೈನ್ ಹರಿದಾಗ ಮತ್ತ ಮೊದಲಿಂದ ಕಳಸಬೇಕು. ಅದಕ್ಕ ಸಣ್ಣ ಸಣ್ಣ ಗಂಟು. ಹಗಲಿನಾಗ ಈ ಫೋನ್ ಯಾರ ಮಾತೂ ಕೇಳಂಗಿಲ್ಲ. ಮುಂಜಾನಿ ಒಂದ್ಹೊತ್ತು ಶಾಣ್ಯಾ ಇರ್ತದ."

ಗಂಟು ಎಂದು ಅವರು ಹೇಳುವುದನ್ನು ಕಂಪ್ಯೂಟರಿನವರು ಜಿಪ್ ಎನ್ನುತ್ತಾರೆ. ಹತ್ತಾರು ಫೈಲುಗಳನ್ನು ಕುಗ್ಗಿಸಿ ಒಂದೇ ಫೈಲಿನೊಳಗೆ ಸೇರಿಸುವ ಕೆಲಸ ಅದು. ಮೊದಮೊದಲು ಅಮೃತಾ ಇದನ್ನು ಕೈಯಿಂದಲೇ ಮಾಡುತ್ತಿದ್ದರು. ಒಂದೊಂದು ಹಳ್ಳಿಯ ಫೋಲ್ಡರ್ ತೆರೆದು, ಚಿತ್ರಗಳನ್ನು ಆರಿಸಿ, ಹೆಸರು ಕೊಟ್ಟು, ಕಟ್ಟಿ, ಕಳಿಸಿ ಮುಗಿಸುವಷ್ಟರಲ್ಲಿ ಆಸ್ಪತ್ರೆಯ ಮುಂದೆ ಪಾಳಿ ಹಚ್ಚಿ ನಿಂತವರೆಲ್ಲ ಬೈಯಲು ಶುರುಮಾಡುತ್ತಿದ್ದರು. ಏಕೆಂದರೆ ಹೊರಗೆ ಚೀಟಿ ಬರೆಯುವವರೂ ಇವರೇ. ಈಗ ಆ ಕೈಕೆಲಸವನ್ನೆಲ್ಲ ಮಾಡುವುದು ಅವರು ಬರೆದ ಒಂದು ಸ್ಕ್ರಿಪ್ಟ್. ಯಾವ ಫೋಲ್ಡರಿಗೆ ಹೋಗಬೇಕು, ಏನನ್ನು ಎತ್ತಿಕೊಳ್ಳಬೇಕು, ಹೇಗೆ ಕಟ್ಟಬೇಕು, ಎಲ್ಲಿ ಇಡಬೇಕು ಎಂದು ಸಾಲುಸಾಲಾಗಿ ಕಂಪ್ಯೂಟರಿಗೆ ಬರೆದುಕೊಟ್ಟ ಆಜ್ಞೆ. ಅಮೃತಾ ಒಂದು ಗುಂಡಿ ಒತ್ತಿ ಚಹಾ ತರಿಸುತ್ತಾರೆ. ಚಹಾ ಬರುವಷ್ಟರಲ್ಲಿ ಕಮಲಾಪುರದ ಕಣ್ಣುಗಳೆಲ್ಲ ಗಂಟಾಗಿ ಸಾಲಿನಲ್ಲಿ ನಿಂತಿರುತ್ತವೆ.

ಕೋಟನೂರಿನ ಮಗಳು ಅಮೃತಾ. ಅಪ್ಪ ಬಟ್ಟೆ ಗಿರಣಿಯಲ್ಲಿದ್ದರು. ಗಿರಣಿ ನಿಂತ ಮೇಲೆ ಕಿರಾಣಿ ಅಂಗಡಿಯಲ್ಲಿ ತೂಕ ಹಾಕಿದರು. ಮಗಳು ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ, ಸೂಪರ್ ಮಾರ್ಕೆಟ್ ಹತ್ತಿರದ ಮಹಡಿಯೊಂದರಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಕಲಿತರು. ಅಲ್ಲಿ ಟೈಪಿಂಗ್ ಕಲಿಸಿದರು, ಸ್ಕ್ರಿಪ್ಟ್ ಕಲಿಸಲಿಲ್ಲ. ಅದನ್ನು ಕಲಿಯಲು ಕಾರಣ ಇಮಾಮುದ್ದೀನ್. ಹೈದರಾಬಾದಿಗೆ ಕ್ಯಾಮೆರಾ ರಿಪೇರಿಗೆ ಹೋದವರು ಕೋಠಿಯ ಫುಟ್‌ಪಾತಿನಿಂದ ರಟ್ಟು ಹರಿದ ಇಂಗ್ಲಿಷ್ ಪುಸ್ತಕವೊಂದನ್ನು ಹೊತ್ತು ತಂದರು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಪುಸ್ತಕ. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಅಮೃತಾ ಅದನ್ನು ಮಳೆಗಾಲ ಪೂರ್ತಿ ಓದಿದರು. ಪೈಥಾನ್ ಅಂದರೆ ಹೆಬ್ಬಾವು ಎಂದು ತಿಳಿದ ಅವರ ತಾಯಿ, ಬೇರೆ ಯಾವ ಪ್ರಾಣಿಯೂ ಸಿಗಲಿಲ್ಲವೇ ಎಂದು ಕೇಳಿದರಂತೆ.

"ಅರ್ಧ ಪುಸ್ತಕ ಇವತ್ತಿಗೂ ತಿಳಿದಿಲ್ರೀ. ನನಗ ಬೇಕಾಗಿದ್ದು ಗಂಟು ಕಟ್ಟೋದು, ಬಿಚ್ಚೋದು. ಅಷ್ಟನ್ನ ಹಿಡಕೊಂಡೆ," ಎನ್ನುತ್ತಾರೆ. ಹಿಡಿದುಕೊಂಡದ್ದು ಗಟ್ಟಿಯಾಗಿಯೇ ಹಿಡಿದಿದ್ದಾರೆ. ಕಟ್ಟಿದ ಗಂಟುಗಳನ್ನು ತಿಂಗಳ ಕೊನೆಗೆ ಒಂದೆಡೆ ಕೂಡಿಸಿ ಸಿ.ಡಿ. ಮಾಡಿ, ಚಕ್ಕುಲಿ ಹಾಕುವಂಥ ಸ್ಟೀಲ್ ಡಬ್ಬಿಗಳಲ್ಲಿ ಇಡುತ್ತಾರೆ. ಹೋದ ವರ್ಷ ಬಂದವರು ಈ ವರ್ಷ ಬಂದರೆ ಹಳೆಯ ಚಿತ್ರ, ಹೊಸ ಚಿತ್ರ ಎರಡೂ ಡಾಕ್ಟರ ಮುಂದಿರಬೇಕು. ಡಬ್ಬಿ ತೆರೆದು, ಸಿ.ಡಿ. ಹಾಕಿ, ಬೇಕಾದ ಕಣ್ಣೊಂದನ್ನೇ ಗಂಟಿನಿಂದ ಎಳೆದು ಕೊಡುವುದನ್ನು ನಾನೇ ನಿಂತು ನೋಡಿದೆ. ನಮ್ಮ ಪತ್ರಿಕೆಯ ಕಚೇರಿಯಲ್ಲಿ ಹೋದ ವಾರದ ಫೋಟೋ ಸಿಗುವುದಿಲ್ಲ ಎಂಬುದು ನೆನಪಾಯಿತು.

ಇವರ ಬಗ್ಗೆ ಬರೆಯಬೇಕು ಎಂದು ನನಗೆ ಹೇಳಿದವರು ಆಸ್ಪತ್ರೆಯ ಆಡಳಿತ ನೋಡಿಕೊಳ್ಳುವ ಅಣವೀರಪ್ಪನವರು. ಹೇಳುವಾಗಲೇ ಒಂದು ಷರತ್ತು ಹಾಕಿದ್ದರು. "ಆಕಿ ಛಲೋ ಕೆಲಸ ಅಷ್ಟೇ ಬರೀಬ್ಯಾಡ್ರಿ. ಮರೆಮ್ಮನ ಸುದ್ದಿ ಕೇಳ್ರಿ. ಆಕಿನೇ ಹೇಳ್ತಾಳ."

ಕೇಳಿದೆ. ಅಮೃತಾ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು. ಆಮೇಲೆ ಯಾವುದನ್ನೂ ಮುಚ್ಚದೆ ಹೇಳಿದರು.

ಅದು ಎರಡು ವರ್ಷದ ಹಿಂದಿನ, 2005ರ ಮಾತು. ಸ್ಕ್ರಿಪ್ಟ್ ಹೊಸದು. ಪ್ರತಿ ಹಳ್ಳಿಯ ಚಿತ್ರಗಳು ಬೇರೆ ಬೇರೆ ಫೋಲ್ಡರಿನಲ್ಲಿ ಬರುತ್ತಿದ್ದವು. ಹೈದರಾಬಾದಿನ ಡಾಕ್ಟರು ಒಂದೊಂದೇ ಫೋಲ್ಡರ್ ತೆರೆದು ನೋಡುವುದು ತ್ರಾಸು ಎಂದರು. ಹಾಗಾಗಿ ಫೋಲ್ಡರ್ ಬಿಟ್ಟು ಚಿತ್ರಗಳನ್ನಷ್ಟೇ ಗಂಟಿಗೆ ಹಾಕುವಂತೆ ಅಮೃತಾ ಸ್ಕ್ರಿಪ್ಟ್ ತಿದ್ದಿದರು. ಚಿತ್ರದ ಹೆಸರಿನಲ್ಲಿ ರೋಗಿಯ ಹೆಸರು, ತಂದೆ ಅಥವಾ ಗಂಡನ ಹೆಸರು, ಎಡಗಣ್ಣೋ ಬಲಗಣ್ಣೋ ಎಲ್ಲ ಇರುತ್ತಿತ್ತು. ನಮ್ಮ ಕಡೆ ಒಂದೇ ಹೆಸರಿನವರು ಓಣಿಗೊಬ್ಬರು ಸಿಗುತ್ತಾರೆ ನಿಜ. ಆದರೆ ಇಬ್ಬರು ಹೆಂಗಸರ ಹೆಸರೂ ಅವರ ಗಂಡಂದಿರ ಹೆಸರೂ ಎರಡೂ ಒಂದೇ ಆಗಿರುವುದು ಅಪರೂಪ. ಆ ಧೈರ್ಯದ ಮೇಲೆ ತಿದ್ದಿದ್ದರು.

ಅವರು ಮರೆತದ್ದು ಒಂದೇ. ಹಳ್ಳಿಯ ಹೆಂಗಸರು ಗಂಡನ ಹೆಸರು ಬಾಯಲ್ಲಿ ತೆಗೆಯುವುದಿಲ್ಲ.

ಕ್ಯಾಮೆರಾದ ಮುಂದೆ ಕೂತವರಿಗೆ ಇಮಾಮುದ್ದೀನ್ ಗಂಡನ ಹೆಸರು ಕೇಳಿದರೆ ಅವರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಜೊತೆಗೆ ಬಂದವರು ಯಾರಾದರೂ ಇದ್ದರೆ ಹೇಳುತ್ತಿದ್ದರು, ಇಲ್ಲದಿದ್ದರೆ ಆ ಜಾಗ ಖಾಲಿ. "ಜಬರ್‌ದಸ್ತಿ ಹೆಂಗ ಮಾಡೋದ್ರೀ? ನಮ್ಮ ಅಮ್ಮೀನೂ ನಮ್ಮ ಅಬ್ಬಾನ ಹೆಸರು ತಗೊಳಂಗಿಲ್ಲ," ಎಂದು ಇಮಾಮುದ್ದೀನ್ ನನಗೆ ಹೇಳಿದರು. ಅವರು ಮರ್ಯಾದೆಗೆಂದು ಖಾಲಿ ಬಿಟ್ಟರು. ಹೀಗೆ ಕಮಲಾಪುರದ ಮರೆಮ್ಮನೂ ಹತ್ತಿರದ ಮಹಾಗಾಂವದ ಮರೆಮ್ಮನೂ ಒಂದೇ ವಾರ ಕ್ಯಾಮೆರಾದ ಮುಂದೆ ಕೂತರು, ಇಬ್ಬರೂ ಒಂಟಿಯಾಗಿ ಬಂದಿದ್ದರು, ಇಬ್ಬರ ಚಿತ್ರಗಳಿಗೂ ಒಂದೇ ಹೆಸರು ಬಿತ್ತು, ಎಲ್ಲವೂ ಒಂದೇ ಗಂಟಿಗೆ ಸೇರಿದವು.

ಗಂಟಿನೊಳಗೆ ಒಂದೇ ಹೆಸರಿನ ಎರಡು ಚಿತ್ರ ಇರಬಹುದು, ಅದಕ್ಕೆ ತಕರಾರಿಲ್ಲ. ತಕರಾರು ಬರುವುದು ಬಿಚ್ಚುವಾಗ. ಮೊದಲು ಹೊರಬಂದ ಚಿತ್ರದ ಜಾಗದಲ್ಲೇ ಎರಡನೆಯದು ಬಂದು ಕೂರುತ್ತದೆ, ಮೊದಲನೆಯದು ಅಳಿಸಿಹೋಗುತ್ತದೆ. ಹೈದರಾಬಾದಿನಲ್ಲಿ ಆದದ್ದು ಅದೇ. ಡಾಕ್ಟರು ನೋಡಿದ್ದು ಮಹಾಗಾಂವದ ಮರೆಮ್ಮನ ಕಣ್ಣು. ಅದು ಚೆನ್ನಾಗಿತ್ತು. ಮರೆಮ್ಮ, ತೊಂದರೆ ಏನೂ ಇಲ್ಲ ಎಂದು ಉತ್ತರ ಬಂತು. ಆ ಉತ್ತರವನ್ನು ಇಬ್ಬರು ಮರೆಮ್ಮರಿಗೂ ಹೇಳಿ ಕಳಿಸಿದರು. ಕಮಲಾಪುರದ ಮರೆಮ್ಮನ ಕಣ್ಣನ್ನು ಯಾವ ಡಾಕ್ಟರೂ ನೋಡಿರಲಿಲ್ಲ.

ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಿಂಗಳ ಕೊನೆಗೆ ಸಿ.ಡಿ. ಮಾಡಲು ಗಂಟುಗಳನ್ನು ಬಿಚ್ಚಿದಾಗ ಲೆಕ್ಕ ತಾಳೆಯಾಗಲಿಲ್ಲ. ಒಳಗೆ ಇದ್ದುದಕ್ಕಿಂತ ಹೊರಗೆ ಬಂದದ್ದು ಎರಡು ಕಡಿಮೆ. ಒಂದು ಎಡಗಣ್ಣು, ಒಂದು ಬಲಗಣ್ಣು.

"ಮೊದಲು ಗಂಟೇ ಕೆಟ್ಟದ ಅಂದ್ಕೊಂಡೆ. ಎರಡ್ನೇ ಸಲ ಬಿಚ್ಚಿದೆ. ಹಂಗೇ ಬಂತು. ಆಮ್ಯಾಲ ಗಂಟಿನಾಗಿನ ಹೆಸರು ಒಂದೊಂದೇ ನೋಡ್ಕೋತ ಹೋದೆ. ಮರೆಮ್ಮ ಎರಡು ಸಲ ಬಂದ್ಳು ನೋಡ್ರಿ."

ಹೆಸರು ಹಿಡಿದು ಕರೆದರೆ ಎರಡನೆಯ ಮರೆಮ್ಮನೇ ಬರುತ್ತಿದ್ದಳು. ಹೆಸರು ಬಿಟ್ಟು, ಗಂಟಿನೊಳಗೆ ಚಿತ್ರ ಎಷ್ಟನೆಯದಾಗಿ ಕೂತಿದೆ ಎಂಬುದನ್ನು ಹಿಡಿದು ತೆಗೆಯುವಂತೆ ಅಮೃತಾ ಸ್ಕ್ರಿಪ್ಟ್ ಬದಲಿಸಿದರು. ಊಟಕ್ಕೆ ಎದ್ದು ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೊದಲನೆಯ ಮರೆಮ್ಮನ ಕಣ್ಣು ಪರದೆಯ ಮೇಲೆ ಬಂತು. ತಾವು ಡಾಕ್ಟರಲ್ಲ ಎಂದು ಅಮೃತಾ ನನಗೆ ಮೂರು ಸಲ ಹೇಳಿದರು. ಆದರೂ ಎರಡೂ ಕಣ್ಣಿನಲ್ಲಿ ಅಲ್ಲಲ್ಲಿ ಚೆಲ್ಲಿದ ಕೆಂಪು ಅವರಿಗೂ ಕಂಡಿತು.

ಇಲ್ಲಿ ನಾನು ಒಂದು ಮಾತು ಹೇಳಲೇಬೇಕು. ಆ ಚಿತ್ರವನ್ನು ಹೊಸದೆಂಬಂತೆ ಸುಮ್ಮನೆ ಕಳಿಸಿಬಿಡಬಹುದಿತ್ತು. ಹಾಗೆ ಮಾಡಿ ಕೈತೊಳೆದುಕೊಂಡವರನ್ನು ನಾನು ಎಷ್ಟೋ ಕಚೇರಿಗಳಲ್ಲಿ ಕಂಡಿದ್ದೇನೆ. ಅಮೃತಾ ಹಗಲಿನ ಲೈನಿನೊಡನೆ ಹೆಣಗಿ, ಕೂಡಲೇ ನೋಡಿ ಎಂದು ಬರೆದು ಆ ಎರಡು ಚಿತ್ರಗಳನ್ನಷ್ಟೇ ಹೈದರಾಬಾದಿಗೆ ಹಾಕಿ, ನೇರ ಅಣವೀರಪ್ಪನವರ ಕೋಣೆಗೆ ಹೋಗಿ ಆದದ್ದೆಲ್ಲ ಹೇಳಿದರು. ಕೆಲಸ ಹೋಗುತ್ತದೆ ಎಂದೇ ಅಂದುಕೊಂಡಿದ್ದರು. ಮಾತು ಮುಗಿಯುವ ಮೊದಲೇ ಹೈದರಾಬಾದಿನಿಂದ ಫೋನ್ ಬಂತು. ಈ ಹೆಣ್ಣುಮಗಳನ್ನು ತಡಮಾಡದೆ ಕರೆತನ್ನಿ, ಲೇಸರ್ ಮಾಡಬೇಕು, ಇನ್ನಷ್ಟು ದಿನ ಬಿಟ್ಟರೆ ಎರಡೂ ಕಣ್ಣು ಹೋಗುತ್ತವೆ ಎಂದರು ಡಾಕ್ಟರು.

"ಬೈಯಾಕ ಟೈಮ್ ಎಲ್ಲಿತ್ರೀ? ಜೀಪ್ ತಗೊಂಡು ನಡೀ ಅಂದೆ," ಎನ್ನುತ್ತಾರೆ ಅಣವೀರಪ್ಪ. "ಆಮ್ಯಾಲ ಬೈದೆ. ಛಂದಾಗಿ ಬೈದೆ."

ಕಮಲಾಪುರ ಮುಟ್ಟಿದ ಮೇಲೆ ಹೊಸ ಪೇಚಾಟ. ಅವರ ಕೈಲಿದ್ದದ್ದು ಕಣ್ಣಿನ ಒಳಗಿನ ಚಿತ್ರ, ಮುಖದ್ದಲ್ಲ. ಊರಲ್ಲಿ ಮರೆಮ್ಮರಿಗೆ ಬರವಿಲ್ಲ. ಒಬ್ಬ ಮರೆಮ್ಮ ತಾನು ಕ್ಯಾಮೆರಾವನ್ನೇ ಕಂಡಿಲ್ಲ ಎಂದಳು. ಇನ್ನೊಬ್ಬಳಿಗೆ ಕಣ್ಣು ಸರಿಯಿತ್ತು, ಮೊಣಕಾಲು ತೋರಿಸಿ ಇದಕ್ಕೇನಾದರೂ ಔಷಧ ಉಂಟೇ ಎಂದು ಕೇಳಿದಳು. ಕೊನೆಗೆ ಇಮಾಮುದ್ದೀನ್ ನೆನಪು ಮಾಡಿಕೊಂಡರು. ಅಂದು ಕ್ಯಾಮೆರಾದ ಮುಂದೆ ಕೂತ ಹೆಂಗಸಿನ ಬೆರಳುಗಳೆಲ್ಲ ಬಾಳೆಯ ಕರೆಯಿಂದ ಕಪ್ಪಾಗಿದ್ದವು ಎಂದರು. ಊರ ಹೊರಗೆ ಕೆಂಪು ಬಾಳೆಗೊನೆ ಇಳಿಸುವ ಚಪ್ಪರದ ಕೆಳಗೆ ಆಕೆ ಸಿಕ್ಕಳು. ಕಾಯಿಯ ಬಣ್ಣವನ್ನು ನೋಡಿ ಆರಿಸುವ ಬದಲು, ಮೂಗಿನ ಹತ್ತಿರ ಹಿಡಿದು, ಮುಟ್ಟಿ ಆರಿಸುತ್ತಿದ್ದಳು.

ಮರೆಮ್ಮನ ಗಂಡ ಚಂದ್ರಶಾ ಅಲ್ಲೇ ಗೊನೆ ಹೊರುತ್ತಿದ್ದ. ಆತನಿಗೆ ಸಿಟ್ಟು ಬಂತು. "ಏನೂ ಇಲ್ಲ ಅಂತ ಹೇಳಿ ಕಳಿಸಿದವರೂ ನೀವೇ, ಈಗ ಹೈದ್ರಾಬಾದಿಗಿ ನಡೀರಿ ಅನ್ನೋರೂ ನೀವೇ. ನಾಳಿ ಮತ್ತೇನ್ ಹೇಳ್ತೀರಿ?" ಎಂದ. ಮರೆಮ್ಮ ತಲೆ ಎತ್ತಲಿಲ್ಲ, ಕೈಯ ಕೆಲಸ ನಿಲ್ಲಿಸಲಿಲ್ಲ. ಸುಗ್ಗಿ ಮುಗಿದ ಮೇಲೆ ನೋಡೋಣ ಎಂದಳು.

"ಅವರಿಗಿ ಹೆಂಗ ತಿಳಿಸಿ ಹೇಳಬೇಕು? ಫೋಲ್ಡರ್, ಜಿಪ್ ಅಂದ್ರ ಏನ್ ತಿಳೀತದ?" ಎನ್ನುತ್ತಾರೆ ಅಮೃತಾ. "ಆಕಿ ಮುಂದ ಕುಂತೆ. ಯಕ್ಕಾ, ಏನೂ ಇಲ್ಲ ಅಂತ ಡಾಕ್ಟರ್ ಹೇಳಿದ್ದು ಬ್ಯಾರೆ ಮರೆಮ್ಮನ ಕಣ್ಣ ನೋಡಿ. ನಿನ್ನ ಕಣ್ಣ ಅವರು ನೋಡೇ ಇಲ್ಲ. ನಾನು ಕಟ್ಟೋದ್ರಾಗ ತಪ್ಪು ಮಾಡೀನಿ. ತಪ್ಪು ನಂದು, ಕಣ್ಣು ನಿಂದು, ಈಗ ನಡೀ ಅಂದೆ."

ಮರೆಮ್ಮ ಆಗ ಕಾಯಿ ಕೆಳಗಿಟ್ಟಳು. ಅಮೃತಾ ಅವರ ಮುಖ ಕಾಣಲೆಂದು ತೀರ ಹತ್ತಿರ ಬಗ್ಗಿ ನೋಡಿದಳು. ಆಮೇಲೆ ಬಾಯಿಗೆ ಬಂದಂತೆ ಬೈದಳು. ಆ ಬೈಗುಳ ಇಲ್ಲಿ ಅಚ್ಚು ಹಾಕುವಂಥದ್ದಲ್ಲ. ಬೈದು ಮುಗಿಸಿ ಸೀರೆ ಕೊಡವಿಕೊಂಡು ಎದ್ದು, ಗಂಡನ ಕಡೆ ನೋಡಿ, "ಗೊನಿ ಇಳಿಸಿ ಬಾ. ಈ ಹುಡುಗಿ ಖರೇ ಹೇಳಾಕತ್ತಾಳ," ಎಂದಳು. ಆ ಸಂಜೆ ಕಲಬುರಗಿಯಿಂದ ಹೊರಟ ರೈಲಿನಲ್ಲಿ ಗಂಡ, ಹೆಂಡತಿ, ಅಮೃತಾ ಮೂವರೂ ಹೈದರಾಬಾದಿಗೆ ಹೋದರು.

ಎರಡೂ ಕಣ್ಣಿಗೆ ಲೇಸರ್ ಆಯಿತು. ಹೋದ ದೃಷ್ಟಿ ಎಷ್ಟು ಮರಳುತ್ತದೋ ಹೇಳಲಾಗದು, ಇದ್ದದ್ದನ್ನು ಉಳಿಸಿದ್ದೇವೆ ಎಂದರು ಡಾಕ್ಟರು. ಅಮೃತಾ ಊರಿಗೆ ಬಂದವರೇ ಸ್ಕ್ರಿಪ್ಟಿಗೆ ಮತ್ತೆ ಕೈ ಹಾಕಿದರು. ಈಗ ಪ್ರತಿ ಚಿತ್ರಕ್ಕೂ ಊರಿನ ಹೆಸರೂ ಸರತಿ ಸಂಖ್ಯೆಯೂ ಅಂಟಿಕೊಂಡೇ ಬರುತ್ತದೆ. ಅಷ್ಟಾದರೂ ಒಂದೇ ಹೆಸರಿನ ಎರಡು ಚಿತ್ರ ಕಂಡರೆ ಸ್ಕ್ರಿಪ್ಟ್ ಕಟ್ಟುವುದನ್ನು ನಿಲ್ಲಿಸಿ ಕಿರುಚುತ್ತದೆ. ಗಂಟು ಕಟ್ಟಿದ ಕೂಡಲೇ ತಾನೇ ಅದನ್ನು ಖಾಲಿ ಜಾಗದಲ್ಲಿ ಬಿಚ್ಚಿ, ಒಳಗಿದ್ದಷ್ಟೂ ಹೊರಗೆ ಬಂದಿವೆಯೇ ಎಂದು ನೋಡುತ್ತದೆ. ಅಷ್ಟಾದ ಮೇಲೂ ಅಮೃತಾ ಬೆರಳು ಮಡಚಿ ಇನ್ನೊಮ್ಮೆ ಎಣಿಸುತ್ತಾರೆ. ಕಂಪ್ಯೂಟರ್ ಎಣಿಸಿದೆಯಲ್ಲ ಎಂದೆ. "ಅದು ಎಣಿಸಲಿ ಬಿಡ್ರಿ, ಬ್ಯಾಡ ಅಂದವರ್ಯಾರು?" ಎಂದರು.

ಆದರೆ ಗಂಡನ ಹೆಸರಿನ ಖಾಲಿ ಜಾಗ ಕಂಪ್ಯೂಟರಿನಿಂದ ತುಂಬುವಂಥದ್ದಲ್ಲ. ಅದನ್ನು ತುಂಬಿದವಳು ಮರೆಮ್ಮ. ಇದನ್ನು ಕಣ್ಣಾರೆ ನೋಡಬೇಕೆಂದು ಮೊನ್ನೆ ಅಮೃತಾ ಜೊತೆ ಕಮಲಾಪುರದ ಬಸ್ಸು ಹತ್ತಿದೆ. ದಾರಿಯಲ್ಲಿ, ಪತ್ರಿಕೆಗೆ ಬೇಕು ಎಂದು ಅವರ ಗಂಡನ ಹೆಸರು ಕೇಳಿದೆ. ಕಿಟಕಿಯ ಕಡೆ ತಿರುಗಿದರು. ಮತ್ತೆ ಕೇಳಿದೆ. ನನ್ನ ಪೆನ್ನು ಇಸಕೊಂಡು ಬಸ್ ಟಿಕೆಟಿನ ಹಿಂದೆ ಬರೆದು ಕೊಟ್ಟರು, ಅಮೋಘಸಿದ್ದ ಅಂತ. ನಾನು ನಕ್ಕೆ, ಅವರೂ ನಕ್ಕರು.

ಕೇಂದ್ರದ ಬಾಗಿಲಲ್ಲಿ ಮರೆಮ್ಮ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಒಳಗೆ ಹೋಗುವ ಪ್ರತಿ ಹೆಂಗಸಿನಿಂದಲೂ ಗಂಡನ ಹೆಸರು ಹೊರಡಿಸುವುದು, ಕಣ್ಣು ಉಳಿದ ಮೇಲೆ ಅವಳೇ ವಹಿಸಿಕೊಂಡ ಕೆಲಸ. ನೇರವಾಗಿ ಕೇಳುವುದಿಲ್ಲ. ಮದುವೆ ಮನೆಯಲ್ಲಿ, ಸೀಮಂತದಲ್ಲಿ ಕೇಳುವ ಹಾಗೆ, "ಒಡಪು ಹಾಕು" ಎನ್ನುತ್ತಾಳೆ. ಪ್ರಾಸದ ನಡುವೆ ಕೂಡಿಸಿ ಹೇಳಿದರೆ ಗಂಡನ ಹೆಸರು ಹೇಳಿದ ಹಾಗಾಗುವುದಿಲ್ಲ, ಅದು ಇಲ್ಲಿನ ರೂಢಿ. ಒಬ್ಬಾಕೆ ನಾಚಿ ನಿಂತಾಗ ಮರೆಮ್ಮ ತಾನೇ ಮೊದಲು ಹಾಕಿ ತೋರಿಸುತ್ತಾಳೆ.

"ಕೆಂಪ ಬಾಳಿಹಣ್ಣ ಒಯ್ದೆ ಕಮಲಾಪುರದ ಸಂತಿಗೆ, ಚಂದ್ರಶಾ ಅವರ ಹೆಸರ ಹೇಳ್ತೀನಿ ಈ ಹುಡುಗಿಯ ಚಿಂತಿಗೆ!"

ಸಾಲಿನಲ್ಲಿ ನಿಂತವರೆಲ್ಲ ಗೊಳ್ಳೆಂದು ನಗುತ್ತಾರೆ. ನಾಚಿ ನಿಂತವಳ ಬಾಯಿಂದಲೂ ಒಡಪು ಹೊರಡುತ್ತದೆ. ಒಳಗಿನಿಂದ ಇಮಾಮುದ್ದೀನ್, "ಏನಂದ್ರು? ಜರಾ ಜೋರಾಗಿ ಹೇಳ್ರಿ," ಎಂದು ಕೂಗುತ್ತಾರೆ. ಅವರ ಕಂಪ್ಯೂಟರಿನಲ್ಲಿ ಈಗ ಖಾಲಿ ಜಾಗ ಉಳಿಯುವುದಿಲ್ಲ.

ಮಧ್ಯಾಹ್ನ ನಾವು ಹೊರಟೆವು. ಎದುರಿನ ಬೇವಿನ ಮರದ ಕೆಳಗೆ ಬಸ್ಸು ನಿಲ್ಲುತ್ತದೆ, ಕೇಂದ್ರದ ಬಾಗಿಲಿಗೂ ಮರಕ್ಕೂ ನಡುವೆ ಇಡೀ ಹೆದ್ದಾರಿ. ನಾನು ಕೊನೆಯ ಪ್ರಶ್ನೆ ಕೇಳುವುದರಲ್ಲಿದ್ದೆ. ಬದುಕಿನಲ್ಲಿ ಇನ್ನೇನು ಆಸೆ ಎಂಬ, ನಾವು ಪತ್ರಿಕೆಯವರು ಎಲ್ಲರಿಗೂ ಕೇಳುವ ಪ್ರಶ್ನೆ. ಅಷ್ಟರಲ್ಲಿ ಆಚೆ ಬದಿಯಿಂದ ಮರೆಮ್ಮನ ದನಿ ಬಂತು.

"ಏ ತಂಗಿ! ಸೀರಿ ಅಂಚು ಬಿಚ್ಚ್ಯಾದ ನೋಡು ಹಿಂದ! ಬಸ್ ಹತ್ತಾಗ ಕಾಲಾಗ ಸಿಕ್ಕೊಂಡು ಬಿದ್ದೀ!"

ಅಮೃತಾ ಬಗ್ಗಿ ನೋಡಿಕೊಂಡರು. ಹಿಮ್ಮಡಿಯ ಹತ್ತಿರ ಅಂಚಿನ ದಾರ ಗೇಣುದ್ದ ಬಿಚ್ಚಿ ನೇತಾಡುತ್ತಿತ್ತು. ಪಕ್ಕದಲ್ಲೇ ನಿಂತಿದ್ದ ನನಗೆ ಅದು ಕಂಡಿರಲಿಲ್ಲ. ಅವರು ತಲೆ ಎತ್ತಿ ರಸ್ತೆಯ ಆಚೆ ನೋಡಿದರು, ಲಾರಿಯೊಂದು ಅಡ್ಡ ಬಂದು ಹೋಯಿತು, ಮರೆಮ್ಮ ಆಗಲೇ ಸಾಲಿನಲ್ಲಿದ್ದ ಬೇರೆ ಯಾರನ್ನೋ ಒಡಪಿಗಾಗಿ ಕಾಡುತ್ತಿದ್ದಳು. ಅಮೃತಾ ದಾರವನ್ನು ಹರಿಯಲಿಲ್ಲ. ಬೆರಳಿಗೆ ಸುತ್ತಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಕಣ್ಣೊರೆಸಿಕೊಂಡರು.

"ಇದನ್ನ ಬರೀರಿ," ಎಂದರು. "ಬ್ಯಾರೆ ಏನೂ ಬರೀಲಿಲ್ಲಂದ್ರೂ ನಡೀತದ."